ಓರಗಿತ್ತಿಯ ಕಾಲು

ನನ್ನ ಓರಗಿತ್ತಿಯ ಬಲಗಾಲನ್ನು ನೋಡಿ ಹೊಟ್ಟೆ ಉರಿದುಕೊಂಡ ಹಾಗೆ ನಾನು ಈ ಜನ್ಮದಲ್ಲಿ ಇನ್ಯಾವುದಕ್ಕೂ ಉರಿದುಕೊಂಡಿಲ್ಲ. ಅವಳು ನನ್ನ ಮೈದುನನ ಹೆಂಡತಿ. ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು. ತೆಳ್ಳಗಿದ್ದಾಳೆ, ಚುರುಕಾಗಿದ್ದಾಳೆ, ಕೂದಲು ಇವತ್ತಿಗೂ ಸೊಂಟ ಮುಟ್ಟುತ್ತದೆ. ಅದಕ್ಕೆಲ್ಲ ಆಗೊಮ್ಮೆ ಈಗೊಮ್ಮೆ ಮನಸ್ಸು ಚುರುಕ್ ಅಂದದ್ದುಂಟು, ಮರೆತದ್ದೂ ಉಂಟು. ಆದರೆ ಡ್ರಮ್ಸಿನ ಪೆಡಲ್ ಮೇಲೆ ಅವಳು ಇಟ್ಟ ಆ ಕಾಲು ನನ್ನ ನಿದ್ದೆ ಕೆಡಿಸಿತು.

ನಮ್ಮದು ಸಿಂಗಸಂದ್ರದ ಹಳೆಯ ಊರಿನ ಮನೆತನ. ಹಿಂದೆ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ನಮ್ಮ ಕಟ್ಟಡ ನಿಂತಿದೆ. ಮೇಲಿನ ಮಹಡಿಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವ ಬಾಡಿಗೆಯವರು, ಕೆಳಗೆ ನಾವು. ಅಣ್ಣತಮ್ಮಂದಿರು ಒಟ್ಟಿಗಿದ್ದಾರೆ, ಅಡುಗೆ ಒಂದೇ. ಗ್ರೈಂಡರ್ ಇಬ್ಬರದು, ಫ್ರಿಜ್ ಇಬ್ಬರದು, ಬಟ್ಟೆ ಒಣಹಾಕುವ ತಂತಿ ಇಬ್ಬರದು. ಅತ್ತೆಯ ಬೈಗುಳವನ್ನೂ ನಾವಿಬ್ಬರು ಹಂಚಿಕೊಳ್ಳುತ್ತಿದ್ದೆವು. ಹೊರಗಿನವರು ನೋಡಿದರೆ ಅಕ್ಕತಂಗಿಯರು ಅನ್ನಬೇಕು, ಹಾಗಿದ್ದೆವು. ಜಗಳ ಆಡಿದವರೇ ಅಲ್ಲ. ಆದರೆ ಹದಿನಾಲ್ಕು ವರ್ಷ ಹೀಗೆ ಎಲ್ಲವನ್ನೂ ಹಂಚಿಕೊಂಡು ಬದುಕಿದವಳಿಗೆ, ನನ್ನದು ಅಂತ ಒಂದಾದರೂ ಇರಲಿ ಅನ್ನಿಸುವುದು ತಪ್ಪಲ್ಲ ತಾನೇ?

ಡ್ರಮ್ಸ್ ಹಾಗೆ ನನ್ನದಾಗಬೇಕಿತ್ತು.

ನಾನು ಆನೇಕಲ್ ಕಡೆಯ ಹುಡುಗಿ. ನಮ್ಮ ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ಕವಾಯತು ಇರುತ್ತಿತ್ತು. ಹುಡುಗರ ಕೊರಳಿಗೆ ಡ್ರಮ್, ಹುಡುಗಿಯರ ಕೈಗೆ ಲೇಜಿಮು. ನನ್ನ ಮುಂದಿನ ಸಾಲಿನಲ್ಲಿ ಡ್ರಮ್ ಬಡಿಯುತ್ತ ನಡೆಯುತ್ತಿದ್ದ ಹುಡುಗನ ಬೆನ್ನನ್ನು ನಾನು ಎಷ್ಟು ಆಸೆಯಿಂದ ನೋಡುತ್ತಿದ್ದೆ ಅಂದರೆ, ಅವನ ಅಂಗಿಯ ಬೆನ್ನ ಮೇಲಿದ್ದ ಹೊಲಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಲೇಜಿಮು ಅಲ್ಲಾಡಿಸುತ್ತಲೇ ನನ್ನ ಬೆರಳುಗಳು ಅದರ ಹಿಡಿಯ ಮೇಲೆ ಅವನ ಡ್ರಮ್ಮಿನ ಪೆಟ್ಟುಗಳನ್ನು ಬಡಿಯುತ್ತಿದ್ದವು. ಮದುವೆಯಾಗಿ ಬಂದಮೇಲೆ ಆ ಆಸೆ ಪಾತ್ರೆಗಳ ಮೇಲೆ ಹೋಯಿತು. ಸಾರು ಕುದಿಯುವಾಗ ಮುಚ್ಚಳದ ಮೇಲೆ ಸೌಟಿನಲ್ಲಿ ತಾಳ ಹಾಕುವುದು, ಅತ್ತೆ ಒಳಗಿನಿಂದ 'ಏನವ್ವಾ ಅದು, ತಲೆ ನೋಯ್ತದೆ' ಅನ್ನುವುದು.

ಮಗಳು ಕಾಲೇಜು ಸೇರಿ ಹಾಸ್ಟೆಲಿಗೆ ಹೋದ ವರ್ಷ ಎರಡನೇ ಮಹಡಿಗೆ ಬಾಡಿಗೆಗೆ ಬಂದ ಹುಡುಗಿಯೊಬ್ಬಳು ಡ್ರಮ್ಸ್ ಕಲಿಯಲು ಹೋಗುತ್ತಾಳೆ ಎಂದು ಗೊತ್ತಾಯಿತು. ನನ್ನ ಕಣ್ಣು ಅರಳಿದ್ದನ್ನು ನೋಡಿ ಅವಳೇ ಅಂದಳು, "ಆಂಟಿ, ನೀವೂ ಬನ್ನಿ. ಅಲ್ಲಿ ವಯಸ್ಸು ಯಾರೂ ಕೇಳಲ್ಲ." ಅವಳು ಕೆಲವೇ ತಿಂಗಳಲ್ಲಿ ಪುಣೆಗೆ ವರ್ಗವಾಗಿ ಹೋದಳು. ನಾನು ಉಳಿದುಕೊಂಡೆ.

ಕ್ಲಾಸಿಗೆ ಸೇರುತ್ತೇನೆ ಎಂದು ಮೊದಲು ಮನೆಯಲ್ಲಿ ಹೇಳಿದಾಗ ಅತ್ತೆ ಎಲೆಅಡಿಕೆ ಜಗಿಯುವುದನ್ನೇ ನಿಲ್ಲಿಸಿದರು. "ಮಗಳನ್ನ ಕಾಲೇಜಿಗೆ ಸೇರಿಸ್ಬುಟ್ಟು ನೀನು ಡ್ರಮ್ಮು ಬಾರ್ಸಕ್ಕೆ ಓಯ್ತೀಯಾ? ಯಾರ ಮನೆ ಮದ್ವೇಗವ್ವಾ?"

"ಹೋಗ್ಲಿ ಬಿಡಮ್ಮ," ಅಂದರು ನನ್ನ ಗಂಡ. "ಯೋಗಕ್ಕೆ ಹೋಗಿ ಬಿಟ್ಲು, ಇದನ್ನೂ ಬಿಡ್ತಾಳೆ."

ಓರಗಿತ್ತಿ ಒಬ್ಬಳೇ ಚಪ್ಪಾಳೆ ತಟ್ಟಿದಳು. "ಸಕ್ಕತ್ ಅಕ್ಕ! ಹೋಗಿ ನೀವು. ಸಾಯಂಕಾಲದ ಕಾಫಿ ತಿಂಡಿ ನಾನು ನೋಡ್ಕೋತೀನಿ." ಅವಳ ಗುಣ ಅಂಥದ್ದು. ಅವಳು ಕೆಟ್ಟವಳಾಗಿದ್ದರೆ ನನಗೆಷ್ಟೋ ಸುಲಭವಾಗುತ್ತಿತ್ತು.

ಕೂಡ್ಲು ಗೇಟ್ ಹತ್ತಿರ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲೆ ಆ ಕೋಣೆ. ಸದ್ದು ಹೊರಗೆ ಹೋಗಬಾರದೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದರು. ಮೇಷ್ಟ್ರು ಕೋಲಾರದ ಗಣಿ ಊರಿನವರು. ತಲೆಯೆಲ್ಲ ಬೆಳ್ಳಗೆ, ಮೀಸೆ ಮಾತ್ರ ಕಪ್ಪು. ವಯಸ್ಸಿನಲ್ಲಿದ್ದಾಗ ಮದುವೆ ಆರ್ಕೆಸ್ಟ್ರಾಗಳಲ್ಲಿ ಬಾರಿಸಿದವರು. ತಮಿಳಿನ ರಾಗದಲ್ಲಿ ಕನ್ನಡ ಮಾತಾಡುತ್ತಿದ್ದರು. ಮೊದಲ ದಿನ ನನ್ನನ್ನು ಡ್ರಮ್ಸಿನ ಹಿಂದೆ ಕೂರಿಸಿ, ಕೋಲು ಹಿಡಿಯುವುದು ತೋರಿಸಿ, ನನ್ನ ಬಲಗಾಲನ್ನು ಪೆಡಲ್ ಮೇಲೆ ಇಡಿಸಿದರು. ಅದನ್ನು ಒತ್ತಿದರೆ ಮುಂದಿನ ದೊಡ್ಡ ಡ್ರಮ್ಮಿಗೆ ಒಂದು ಗುದ್ದು ಬೀಳುತ್ತದೆ. ಒತ್ತಿದೆ. ದುಂ ಎಂದಿತು. ಆ ದುಂ ನನ್ನ ಎದೆಗೂಡಿನೊಳಗೇ ಆದ ಹಾಗಾಗಿ ಕಣ್ಣಲ್ಲಿ ನೀರು ಬಂತು. ನಾಚಿಕೆಯಾಗಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಕೈ ನನಗೆ ಬೇಗ ಬಂತು. ಬಲಗೈ ಪಕ್ಕದ ಹಿತ್ತಾಳೆ ತಟ್ಟೆಯ ಮೇಲೆ ಒಂದೇ ಸಮ ಬಡಿಯುತ್ತಿರಬೇಕು, ಎಡಗೈ ನಾಲ್ಕರ ಎಣಿಕೆಯಲ್ಲಿ ಎರಡಕ್ಕೂ ನಾಲ್ಕಕ್ಕೂ ಮಡಿಲ ಮುಂದಿನ ಚಿಕ್ಕ ಡ್ರಮ್ಮಿಗೆ ಬೀಳಬೇಕು. ಇಷ್ಟು ಬಾರಿಸುವಾಗ ನಾನು ರಾಣಿ. ಕಾಲು ಸೇರಿಸಿದ ತಕ್ಷಣ ಎಲ್ಲ ಕೆಡುತ್ತಿತ್ತು. ಮೇಷ್ಟ್ರು ಕೊಟ್ಟ ಪಾಠ ಬಾಯಲ್ಲಿ ಹೇಳುವುದಕ್ಕೆ ಸುಲಭ: ದುಂ, ಟಾ, ದುಂದುಂ, ಟಾ. ದುಂ ಅಂದರೆ ಕಾಲು, ಟಾ ಅಂದರೆ ಎಡಗೈ. ಬಲಗೈ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ತನ್ನ ಪಾಡಿಗೆ ತಾನು ಟಿಕಿಟಿಕಿ ಅನ್ನುತ್ತಿರಬೇಕು. ನನ್ನ ಬಲಗೈಗೂ ಬಲಗಾಲಿಗೂ ಹುಟ್ಟಿನಿಂದಲೇ ಯಾರೋ ದಾರ ಕಟ್ಟಿಬಿಟ್ಟಿದ್ದರು. 'ದುಂದುಂ' ಬಂದ ಕೂಡಲೇ ಕೈಯೂ ಎರಡೆರಡು ಬಡಿಯುತ್ತಿತ್ತು. ಕೈಯನ್ನು ತಡೆದರೆ ಕಾಲೂ ನಿಂತುಬಿಡುತ್ತಿತ್ತು.

"ಮೇಡಂ, ನಿಮ್ ಕಾಲು ಕೈ ಹಿಂದೆನೇ ಓಡ್ತಾ ಇದೆ," ಅನ್ನುತ್ತಿದ್ದರು ಮೇಷ್ಟ್ರು. "ಎರಡನ್ನೂ ಬೇರೆ ಬೇರೆ ಮಾಡ್ಬೇಕು. ನಿಧಾನ ಮಾಡಿ. ಬಾಯಲ್ಲಿ ಹೇಳ್ಕೊಂಡು ಮಾಡಿ."

ಬಾಯಲ್ಲಿ ಹೇಳಿಕೊಂಡು ಮಾಡಿದೆ. ಹುರುಳಿಕಾಯಿ ಹೆಚ್ಚುವಾಗ ಅಡುಗೆಕಟ್ಟೆಯ ಕೆಳಗೆ ಕಾಲು ಕುಟ್ಟಿದೆ. ಟೀವಿ ನೋಡುವಾಗ ತೊಡೆಯ ಮೇಲೆ ಕೈ, ನೆಲದ ಮೇಲೆ ಕಾಲು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಒಮ್ಮೆ "ಏನಕ್ಕ, ಕಾಲು ಜೋಮು ಹಿಡಿದಿದೆಯಾ?" ಎಂದು ಕೇಳಿದಳು. ತಿಂಗಳುಗಳು ಕಳೆದವು. ಹಿಮ್ಮಡಿ ನೋವು ಬಂತು, ಕಾಲು ಮಾತ್ರ ಹಾದಿಗೆ ಬರಲಿಲ್ಲ. ಆದರೂ ಖುಷಿಯಾಗಿದ್ದೆ. ಬರದೇ ಇದ್ದರೂ ಅದು ನನ್ನದು ಅನ್ನುವ ಖುಷಿ.

ಒಂದು ದಿನ ಹೊಸೂರು ರಸ್ತೆಯಲ್ಲಿ ಯಾವುದೋ ಲಾರಿ ಕೆಟ್ಟು ನಿಂತು ಬಸ್ಸುಗಳೆಲ್ಲ ಸಾಲುಗಟ್ಟಿದ್ದವು. ನಾನು ಗೇಟಿನ ಹತ್ತಿರ ಚಡಪಡಿಸುವುದನ್ನು ನೋಡಿ ಓರಗಿತ್ತಿ ಸ್ಕೂಟರ್ ತೆಗೆದಳು. "ಹತ್ತಿ ಅಕ್ಕ. ಒಳದಾರೀಲಿ ಬಿಟ್ಬಿಡ್ತೀನಿ." ಬಿಟ್ಟವಳು ವಾಪಸ್ಸು ಹೋಗಬಹುದಿತ್ತು. "ನೋಡೇಬಿಡ್ತೀನಿ, ನೀವು ಹೆಂಗೆ ಬಾರಿಸ್ತೀರಾ ಅಂತ," ಎಂದು ಮೇಲೆ ಬಂದು ಕಿಟಕಿಯ ಪಕ್ಕ ಕೂತಳು.

ಅವಳ ಎದುರಿಗೆ ನನ್ನ ಕಾಲು ಇನ್ನಷ್ಟು ಕೆಟ್ಟಿತು. ಬೆವರು ಇಳಿಯಿತು. ಮೇಷ್ಟ್ರು, ನಾನು ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದೋ ಏನೋ, ಅವಳ ಕಡೆ ತಿರುಗಿದರು. "ಸುಮ್ನೆ ಯಾಕೆ ಕೂತಿದ್ದೀರಾ ಮೇಡಂ? ಬನ್ನಿ, ನೀವೂ ಒಂದ್ಸಲ ನೋಡಿ."

"ಅಯ್ಯೋ, ನಂಗೆಲ್ಲಿ ಬರುತ್ತೆ ಸಾರ್!" ಅಂದಳು. ಅನ್ನುತ್ತಲೇ ಚಪ್ಪಲಿ ಬಿಟ್ಟು, ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು, ನಾನು ಎದ್ದ ಜಾಗದಲ್ಲಿ ಕೂತಳು. ಸ್ಟೂಲು ಇನ್ನೂ ಬೆಚ್ಚಗಿದ್ದಿರಬೇಕು.

ಮೊದಲೆರಡು ಸಲ ತಪ್ಪಿದಳು. ನನಗೆ ಸಮಾಧಾನವಾಯಿತು, ಅದನ್ನು ಯಾಕೆ ಮುಚ್ಚಿಡಲಿ. ಮೂರನೆಯ ಸಲಕ್ಕೆ ಏನೋ ಆಯಿತು. ಬಲಗೈ ತಟ್ಟೆಯ ಮೇಲೆ ಟಿಕಿಟಿಕಿ ಅನ್ನುತ್ತಿತ್ತು, ಎಡಗೈ ಬೀಳುವಲ್ಲಿ ಬೀಳುತ್ತಿತ್ತು, ಕೆಳಗೆ ಅವಳ ಬರಿಗಾಲು ದುಂ, ದುಂದುಂ ಎಂದು ಬೇರೆಯವರ ಕಾಲಿನ ಹಾಗೆ ನಡೆಯುತ್ತಿತ್ತು. ಅಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಅವಳು ಬಾರಿಸುತ್ತ ಬಾರಿಸುತ್ತಲೇ ಕತ್ತು ತಿರುಗಿಸಿ ನನ್ನನ್ನು ನೋಡಿ, "ಅಕ್ಕ, ಹಿಂಗೇ ಅಲ್ವಾ?" ಎಂದು ಕೇಳಿದಳು. ಕೇಳುವಾಗಲೂ ಕಾಲು ನಿಲ್ಲಲಿಲ್ಲ.

ಮೈಯೆಲ್ಲ ಉರಿದ ಹಾಗಾಯಿತು. "ಹೂಂ, ಹಿಂಗೇ," ಅಂದೆ.

ವಾಪಸ್ಸು ಬರುವಾಗ ಸ್ಕೂಟರಿನ ಹಿಂದೆ ಕೂತು ಕಾರಣ ಹುಡುಕಿದೆ. ಕಾರಣ ಸಿಕ್ಕಿದರೆ ಹೊಟ್ಟೆ ತಣ್ಣಗಾಗುತ್ತಿತ್ತು. "ಮದ್ವೆಗೆ ಮುಂಚೆ ನೀನು ಹೊಲಿಗೆ ಮಿಷನ್ ತುಳೀತಿದ್ದೆ ಅಲ್ವಾ?"

"ಇಲ್ಲಕ್ಕ, ಅದು ನಮ್ಮಕ್ಕ. ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ."

"ಮತ್ತೆ ಡ್ಯಾನ್ಸು ಕಲಿತಿದ್ಯಾ?"

"ನಾನಾ? ಡ್ಯಾನ್ಸಾ?" ಎಂದು ಅವಳು ಎಷ್ಟು ನಕ್ಕಳೆಂದರೆ ಸ್ಕೂಟರ್ ಓಲಾಡಿತು. ಏನೂ ಕಾರಣವಿರಲಿಲ್ಲ. ಎಲ್ಲಾದರೂ ಒಂದು ವರ್ಷ ಬೆವರು ಸುರಿಸಿದ್ದಳು ಅಂತ ಗೊತ್ತಾಗಿದ್ದರೆ ಸಾಕಿತ್ತು. ಅವಳಿಗೆ ಸುಮ್ಮನೆ ಬಂದಿತ್ತು.

ಊಟಕ್ಕೆ ಕೂತಾಗ ಸುದ್ದಿ ಆಗಲೇ ಹರಡಿತ್ತು. "ಏನತ್ತಿಗೆ," ಅಂದ ಮೈದುನ, "ನಮ್ಮವಳು ಮೊದಲ್ನೇ ದಿನಾನೇ ಬಾರಿಸ್ಬಿಟ್ಲಂತೆ?" ಅವಳ ಮಕ್ಕಳು ತಟ್ಟೆ ಬಡಿದು ಕುಣಿದರು. ಅತ್ತೆ ಮುದ್ದೆ ಮುರಿಯುತ್ತ, "ಅವ್ಳಿಗೆ ಏನು ಕೊಟ್ರೂ ಬತ್ತದೆ ಬುಡು," ಅಂದರು. ನನ್ನ ಗಂಡ ನನ್ನ ಮುಖ ನೋಡಿ ನಗು ತಡೆದುಕೊಂಡರು. ನಾನು ಎಲ್ಲರಿಗೂ ಸಾರು ಬಡಿಸಿದೆ.

ಆ ವಾರವೇ ಅವಳು ಅಡುಗೆಮನೆಯಲ್ಲಿ ಕೇಳಿದಳು. "ಅಕ್ಕ, ನಾನೂ ಸೇರ್ಕೊಳ್ಳಾ? ಮೇಷ್ಟ್ರು ಬನ್ನಿ ಅಂದ್ರು. ನಿಮಗೇನೂ ಬೇಜಾರಿಲ್ಲ ತಾನೇ?"

ಬೇಜಾರಿದೆ ಎಂದು ಹೇಳುವುದು ಹೇಗೆ? "ನಂಗ್ಯಾಕೆ ಬೇಜಾರು," ಅಂದೆ. ಒಗ್ಗರಣೆಯ ಸಾಸಿವೆ ಸೀದುಹೋಯಿತು.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ಅವಳಿಗೆ ಪ್ರತಿ ಸಲ ಹೊಸ ಪಾಠ. ನನಗೆ ಅದೇ ದುಂ ಟಾ ದುಂದುಂ ಟಾ. ಅವಳು ಮನೆಯಲ್ಲಿ ಒಂದು ದಿನವೂ ಅಭ್ಯಾಸ ಮಾಡಿದವಳಲ್ಲ. ನಾನು ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ಸೋಫಾದ ದಿಂಬುಗಳನ್ನು ಸುತ್ತ ಜೋಡಿಸಿಕೊಂಡು ತೋಳು ಬೀಳುವ ತನಕ ಬಡಿಯುತ್ತಿದ್ದೆ. ನಡುಮನೆಯಲ್ಲಿ ಅವಳು ಮಕ್ಕಳ ಜೊತೆ ಟೀವಿ ನೋಡಿಕೊಂಡು ನಗುವುದು ಕೇಳಿಸುತ್ತಿತ್ತು. ಆ ನಗುವಿನ ಮೇಲೇ ಬಾರಿಸುತ್ತಿದ್ದೆನೇನೋ ಅನ್ನಿಸುತ್ತದೆ.

ಮೆಟ್ರೋ ಓಡಲು ಶುರುವಾದಾಗ ನನಗೊಂದು ದಾರಿ ಸಿಕ್ಕಿತು. ನಮ್ಮಲ್ಲಿಂದ ಕೂಡ್ಲು ಗೇಟಿಗೆ ಒಂದೇ ಸ್ಟೇಷನ್. "ನಂಗೆ ಸ್ಕೂಟರ್ ಧೂಳು ಆಗಲ್ಲ, ನಾನು ಮೆಟ್ರೋದಲ್ಲಿ ಬರ್ತೀನಿ," ಅಂದೆ. ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಹೊತ್ತು ಹೋಗುತ್ತಿತ್ತು. ನಾನು ಏದುಸಿರು ಬಿಡುತ್ತ ಕೋಣೆಗೆ ಹೋಗುವಷ್ಟರಲ್ಲಿ ಅವಳು ಬಾರಿಸುತ್ತಿರುತ್ತಿದ್ದಳು. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗುತ್ತಿರುತ್ತಿದ್ದರು. ನನ್ನ ಬಾರಿಸುವಿಕೆಗೆ ಅವರು ಒಂದು ದಿನವೂ ಕಣ್ಣು ಮುಚ್ಚಿದ್ದಿಲ್ಲ. ನಾನು ಬಾರಿಸುವಾಗ ಅವರ ಕಣ್ಣು ಅಗಲವಾಗಿ ತೆರೆದಿರುತ್ತಿತ್ತು, ರಸ್ತೆ ದಾಟುವ ಮಗುವನ್ನು ನೋಡುವವರ ಹಾಗೆ.

ಅವಳಿಗೆ ಒಮ್ಮೆ ಜ್ವರ ಬಂತು. ಕಷಾಯ ಮಾಡಿ ಕೊಟ್ಟು, ಹೊದಿಕೆ ಹೊದಿಸಿ, ಹಗುರಾದ ಮನಸ್ಸಿನಿಂದ ಕ್ಲಾಸಿಗೆ ಹೋದೆ. ಇವತ್ತು ನಾನೊಬ್ಬಳೇ. ಆದರೆ ಆ ಹೊತ್ತೆಲ್ಲ ಬಾಗಿಲ ಕಡೆಗೇ ನೋಡುತ್ತಿದ್ದೆ. ಅವಳಿಲ್ಲದ ದಿನವೂ ಕಾಲು ಬರಲಿಲ್ಲ ಅಂದಮೇಲೆ ತಪ್ಪು ಹೊರಿಸುವುದಕ್ಕೂ ಯಾರೂ ಇರಲಿಲ್ಲ.

ಇನ್ನೊಂದು ಮಧ್ಯಾಹ್ನ ಅವಳು ನಡುಮನೆಯ ದಿವಾನದ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಬಲಗಾಲು ಅಂಚಿನಿಂದ ಹೊರಗೆ ಚಾಚಿತ್ತು. ನಾನು ಮಡಚಿದ ಬಟ್ಟೆಗಳ ರಾಶಿ ಹಿಡಿದುಕೊಂಡು ನಿಂತು ಆ ಕಾಲನ್ನೇ ನೋಡಿದೆ. ಹಿಮ್ಮಡಿ ಒಡೆದಿತ್ತು. ಉಗುರಿನ ಬಣ್ಣ ಅರ್ಧ ಹೋಗಿತ್ತು. ಬೆರಳಲ್ಲಿ ಸವೆದ ಕಾಲುಂಗುರ. ನನ್ನ ಕಾಲಿಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿನದು ಏನೂ ಕಾಣಲಿಲ್ಲ. ಏನಿದೆ ಇದರೊಳಗೆ? ಅತ್ತೆ ಕೋಣೆಯಿಂದ ಬಂದು, "ಏನವ್ವಾ, ಅಂಗೆ ನಿಂತಿದ್ದೀಯಾ?" ಅಂದರು. "ಸೊಳ್ಳೆ ಕೂತಿತ್ತು," ಅಂದೆ.

ರಾಜ್ಯೋತ್ಸವ ಬಂತು. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಪ್ರತಿ ವರ್ಷ ಶಾಮಿಯಾನ ಹಾಕಿ ಕಾರ್ಯಕ್ರಮ ಮಾಡುತ್ತಾರೆ. ಈ ಸಲ ಮೇಷ್ಟ್ರ ಶಿಷ್ಯರದೂ ಒಂದಷ್ಟು ಇರಲಿ ಎಂದು ಸಂಘದವರು ಕೇಳಿದರು. ಮೇಷ್ಟ್ರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹಂಚಿದರು. ಓರಗಿತ್ತಿಗೆ ಗಿಟಾರು, ಕೀಬೋರ್ಡಿನ ಜೊತೆ ಪೂರ್ತಿ ಒಂದು ಹಾಡು. "ನಿಮ್ದು ಮೊದ್ಲು ಮೇಡಂ," ಅಂದರು ನನಗೆ. "ಬರೀ ಡ್ರಮ್ಸು. ಅದೇ ದುಂ ಟಾ ದುಂದುಂ ಟಾ. ಜನ ಬಂದು ಕೂತ್ಕೊಳ್ಳೋ ಟೈಮಲ್ಲಿ."

ಜನ ಕುರ್ಚಿ ಎಳೆದುಕೊಳ್ಳುವ ಹೊತ್ತಿಗೆ ನಾನು. ಕೂತಮೇಲೆ ಅವಳು. ತಲೆಯಾಡಿಸಿ ಬಂದೆ. ಅವತ್ತಿನಿಂದ ದಿಂಬುಗಳ ಮೇಲೆ ನಾನು ಮಾಡಿದ ಅಭ್ಯಾಸ ನೋಡಿ ನನ್ನ ಗಂಡನೂ ಬಾಯಿ ಮುಚ್ಚಿದರು. ಕಾರ್ಯಕ್ರಮದ ಹಿಂದಿನ ದಿನ ಒಂದಷ್ಟು ಹೊತ್ತು ಕಾಲು ನಿಜವಾಗಿಯೂ ಸರಿಬಂತು. ಇದ್ದರೂ ಇರಬಹುದು ದೇವರು ಅಂದುಕೊಂಡೆ.

ಆ ಭಾನುವಾರ ಮಧ್ಯಾಹ್ನ ಹಲಗೆ ಜೋಡಿಸಿದ ವೇದಿಕೆಯ ಮೇಲೆ ಡ್ರಮ್ಸಿನ ಹಿಂದೆ ಕೂತೆ. ರೇಷ್ಮೆ ಸೀರೆ ಪೆಡಲಿಗೆ ಸಿಕ್ಕದ ಹಾಗೆ ಎತ್ತಿ ಸಿಕ್ಕಿಸಿಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಅತ್ತೆ, ನನ್ನ ಗಂಡ, ಮೈದುನ, ಮಕ್ಕಳು. ಹಾಸ್ಟೆಲಿನಿಂದ ಮಗಳೂ ಬಂದಿದ್ದಳು. ಓರಗಿತ್ತಿ ತನ್ನ ಸರದಿಗೆ ಕಾಯುತ್ತ ವೇದಿಕೆಯ ಮೇಲೇ ಪರದೆಯ ಪಕ್ಕ ನಿಂತಿದ್ದಳು.

ಶುರು ಮಾಡಿದೆ. ಸರಿಯಾಗಿಯೇ ಹೋಯಿತು. ದುಂ ಟಾ ದುಂದುಂ ಟಾ, ದುಂ ಟಾ ದುಂದುಂ ಟಾ. ಮಗಳು ಮೊಬೈಲ್ ಎತ್ತಿ ಹಿಡಿದದ್ದು ಕಾಣಿಸಿತು. ಅದೊಂದು ಸಾಕಾಯಿತು. ಕಾಲು ಕೈಯ ಕಡೆ ನೋಡಿತು, ಕೈ ಕಾಲಿನ ಕಡೆ ನೋಡಿತು, ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಕಾಲು ಪೆಡಲಿನ ಮೇಲೆ ಕಲ್ಲಾಯಿತು. ನಿಲ್ಲಿಸಬಾರದು ಎಂದು ಮೇಷ್ಟ್ರು ಹೇಳಿದ್ದು ನೆನಪಿತ್ತು. ಕಾಲನ್ನು ಬಿಟ್ಟುಬಿಟ್ಟೆ. ಬರೀ ಕೈ ಬಾರಿಸಿದೆ. ಟಿಕಿಟಿಕಿ, ಟಾ. ಟಿಕಿಟಿಕಿ, ಟಾ. ಕೇಳುವುದಕ್ಕೆ ಎಲುಬಿಲ್ಲದ ಮೈಯಂತಿತ್ತು.

ಅಷ್ಟರಲ್ಲಿ ದುಂ ಕೇಳಿಸಿತು.

ನನ್ನ ಕಾಲು ಅಲ್ಲಾಡಿರಲಿಲ್ಲ. ಆದರೂ ದುಂ, ಮತ್ತೆ ದುಂದುಂ, ಬೀಳಬೇಕಾದ ಜಾಗದಲ್ಲೇ ಬೀಳುತ್ತಿತ್ತು. ಹಲಗೆ ನಡುಗುವುದು ಸ್ಟೂಲಿನಲ್ಲಿ ಗೊತ್ತಾಗುತ್ತಿತ್ತು. ವಾರೆಗಣ್ಣಿನಿಂದ ನೋಡಿದೆ. ಪರದೆಯ ಪಕ್ಕ ನಿಂತ ಓರಗಿತ್ತಿ ಜನರನ್ನು ನೋಡುತ್ತ, ಬಲಗಾಲಿನ ಹಿಮ್ಮಡಿಯಿಂದ ಹಲಗೆ ಗುದ್ದುತ್ತಿದ್ದಳು. ನನ್ನ ಕೈ, ಅವಳ ಕಾಲು. ಹಾಗೆಯೇ ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ಮಗಳು ಶಿಳ್ಳೆ ಹಾಕಿದಳು. ಮೇಷ್ಟ್ರು ಮೀಸೆ ಸವರಿಕೊಂಡು ನನ್ನನ್ನೂ ನೋಡಿದರು, ಅವಳನ್ನೂ ನೋಡಿದರು.

ಆಮೇಲೆ ಅವಳು ಬಾರಿಸಿದಳು. ಹೇಗಿತ್ತು ಎಂದು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ: ಬಹಳ ಚೆನ್ನಾಗಿತ್ತು. ಅತ್ತೆ ಕಣ್ಣು ಒರೆಸಿಕೊಂಡರು. ಯಾರೋ ಹಿಂದಿನಿಂದ "ಒನ್ಸ್ ಮೋರ್" ಎಂದು ಕೂಗಿದರು. ನನ್ನ ಮಗಳು, ನಾನು ಹೆತ್ತ ಮಗಳು, "ಚಿಕ್ಕಮ್ಮ, ಸೂಪರ್!" ಎಂದು ಕುರ್ಚಿಯಿಂದ ಎದ್ದು ನಿಂತಳು.

ಸಂಜೆ ಮನೆಗೆ ಬಂದು ಸೀರೆ ಬದಲಾಯಿಸಿ ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಹೋದೆ. ಅವಳು ಆಗಲೇ ಅಲ್ಲಿದ್ದಳು, ತಂತಿಯ ಆ ತುದಿಯಿಂದ ತೆಗೆಯುತ್ತಿದ್ದಳು. ನಾನು ಈ ತುದಿಯಿಂದ ಶುರುಮಾಡಿದೆ. ನಡುವೆ ಎದುರಾದಾಗ ತಡೆಯಲಾಗಲಿಲ್ಲ.

"ನನ್ನ ಕಾಲನ್ನೂ ನೀನೇ ಬಾರಿಸ್ಬೇಕಿತ್ತಾ?"

ಅವಳಿಗೆ ಅರ್ಥವಾಗಲಿಲ್ಲ. "ಏನಕ್ಕ?"

"ನಾನು ತಪ್ಪಿದ್ರೆ ತಪ್ತಿದ್ದೆ. ಜನ ನಕ್ರೆ ನಗ್ತಿದ್ರು. ನೀನ್ಯಾಕೆ ಅಲ್ಲಿ ನಿಂತ್ಕೊಂಡು ಹಲಗೆ ಗುದ್ದಿದೆ? ನಿನ್ನನ್ನ ಯಾರು ಕೇಳಿದ್ರು?"

ಅವಳ ಮುಖ ಬಿಳಿಚಿಕೊಂಡಿತು. ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. "ನಾನೇನು ಗುದ್ದಿದೆ ಅಕ್ಕ? ಸುಮ್ನೆ ನಿಂತಿದ್ನಲ್ಲ?"

"ಸುಳ್ಳು ಹೇಳ್ಬೇಡ. ನಾನು ನೋಡ್ದೆ."

"ಅಮ್ಮನಾಣೆ ಅಕ್ಕ. ನಂಗೊತ್ತೇ ಇಲ್ಲ." ಬಗ್ಗಿ ತನ್ನ ಕಾಲನ್ನೇ ನೋಡಿಕೊಂಡಳು. "ಹೌದಾ? ಗುದ್ದಿದ್ನಾ? ಹಿಮ್ಮಡಿ ನೋಯ್ತಿದೆ ಯಾಕೆ ಅಂತ ಆವಾಗ್ಲಿಂದ ಅಂದ್ಕೋತಿದ್ದೆ. ನಿಮ್ಮ ಕೈ ಕೇಳ್ತಾ ಇತ್ತಲ್ಲ, ಅದು ತಾನಾಗೇ ಹೋಗಿರ್ಬೇಕು."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಹದಿನಾಲ್ಕು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದವಳಿಗೆ ಅಷ್ಟು ಗೊತ್ತಾಗುತ್ತದೆ. ನನ್ನ ಮೇಲೆ ಕನಿಕರಪಟ್ಟು ಗುದ್ದಿದ್ದರೆ ಆ ಕನಿಕರವನ್ನು ದ್ವೇಷಿಸಿಕೊಂಡಾದರೂ ಇರುತ್ತಿದ್ದೆ. ಅದೂ ಸಿಗಲಿಲ್ಲ. ನಾನು ತಿಂಗಳುಗಟ್ಟಲೆ ಬೇಡಿಕೊಂಡರೂ ಏಳದ ಕಾಲು ಇಲ್ಲಿ. ಒಡತಿಗೆ ಹೇಳದೇ ಕೇಳದೇ ತಾನಾಗಿ ಹೊರಟುಹೋಗುವ ಕಾಲು ಅಲ್ಲಿ. ನಾನು ಬಟ್ಟೆಯ ರಾಶಿಯ ಮೇಲೆ ಮುಖವಿಟ್ಟು ಅತ್ತುಬಿಟ್ಟೆ. ಅವಳಿಗೆ ಏನು ಮಾಡಬೇಕೆಂದು ತೋಚದೆ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, ಎಲ್ಲವನ್ನೂ ತಾನೇ ಮಡಚಿ ಕೆಳಗೆ ಒಯ್ದಳು.

ಸಂಕ್ರಾಂತಿ ಕಳೆದಮೇಲೆ ಅವಳು ಕ್ಲಾಸಿಗೆ ಬರುವುದನ್ನು ನಿಲ್ಲಿಸಿದಳು. ಯಾಕೆ ಎಂದು ಕೇಳಿದೆ. "ಸಾಕಾಯ್ತಕ್ಕ. ಎಷ್ಟು ಅಂತ ಬಡಿಯೋದು? ಮೂರನೇ ಮಹಡಿಯವರು ಕೇಕ್ ಮಾಡೋದು ಹೇಳ್ಕೊಡ್ತಾರಂತೆ, ಅಲ್ಲಿಗೆ ಹೋಗ್ತೀನಿ." ತಾರಸಿಯ ಮೇಲಿನ ಮಾತಿಗೆ ನೊಂದು ಬಿಟ್ಟಳೋ, ನಿಜಕ್ಕೂ ಬೇಸರವಾಗಿ ಬಿಟ್ಟಳೋ, ಇವತ್ತಿಗೂ ನನಗೆ ತಿಳಿಯದು. ಕೇಕುಗಳು ಮೊದಲ ಸಲಕ್ಕೇ ಚೆನ್ನಾಗಿ ಉಬ್ಬಿದವು.

ನನಗೆ ಸಮಾಧಾನವಾಗಬೇಕಿತ್ತು. ಒಂದು ದಿನ ಆಯಿತು ಕೂಡ. ಮರುದಿನ ಮತ್ತೆ ಉರಿ ಶುರು. ನನಗೆ ಬೇಡಿ ಬೇಡಿಯೂ ಸಿಗದೇ ಇದ್ದದ್ದನ್ನು ಅವಳು ಸಾಕು ಎಂದು ಬಿಟ್ಟು ಎದ್ದು ಹೋದಳಲ್ಲ! ಊಟ ಸಾಕಾಯಿತು ಎಂದು ತಟ್ಟೆ ಸರಿಸಿದ ಹಾಗೆ. ಇಟ್ಟುಕೊಂಡಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಕ್ಲಾಸಿನಲ್ಲಿ ಈಗ ಮೇಷ್ಟ್ರು, ನಾನು ಇಬ್ಬರೇ. ಅವರಿಗೂ ಬೇಸರವಾಗಿತ್ತು, ಮುಚ್ಚಿಡಲಿಲ್ಲ. ಕೆಲವು ದಿನ ಸುಮ್ಮನೆ ನೋಡುತ್ತಿದ್ದವರು ಒಂದು ಸಂಜೆ ನನ್ನ ಕೈಯಿಂದ ಕೋಲು ತೆಗೆದುಕೊಂಡರು. "ಮೇಡಂ, ನೀವು ತಂಗಿ ಬಾರಿಸೋ ಸ್ಪೀಡಲ್ಲಿ ಬಾರಿಸೋಕೆ ಹೋಗ್ತಿದ್ದೀರಾ. ಅವ್ರು ಬರೋ ಮೊದ್ಲು ನನ್ ಸ್ಪೀಡಲ್ಲಿ. ಅದೇ ತಪ್ಪು. ನಿಮ್ ಸ್ಪೀಡು ಯಾವ್ದು, ನೋಡಿದ್ದೀರಾ?"

ನಾನು ನೋಡಿರಲಿಲ್ಲ.

ಅವರು ತಾಳ ಹೇಳುವ ಯಂತ್ರವನ್ನು ಎಷ್ಟು ನಿಧಾನಕ್ಕೆ ಇಳಿಸಿದರೆಂದರೆ ಒಂದು ಟಕ್‌ನಿಂದ ಇನ್ನೊಂದು ಟಕ್‌ಗೆ ಆಕಳಿಕೆ ಬರುತ್ತಿತ್ತು. ಮೊದಲು ಬರೀ ಕಾಲು. ವಾರಗಟ್ಟಲೆ ಕಾಲೊಂದೇ. ಆಮೇಲೆ ಕಾಲಿಗೆ ಎಡಗೈ. ಅದಾದ ಮೇಲೆ, ಬಹಳ ದಿನಗಳ ಮೇಲೆ, ಬಲಗೈ. ಅಂಗಡಿಯ ಆಳುಗಳು ಕೆಳಗಿನಿಂದ "ಕರೆಂಟು ಹೋಯ್ತಾ ಸಾರ್?" ಎಂದು ತಮಾಷೆ ಮಾಡುತ್ತಿದ್ದರು. ನಾಚಿಕೆಯಾಗುತ್ತಿತ್ತು. ಅಷ್ಟು ನಿಧಾನದಲ್ಲಿ ಮಾತ್ರ ನನಗೆ ಒಂದು ಸಂಗತಿ ಕಂಡಿತು: ಕಾಲು ಏಳುವುದಕ್ಕೆ ಮುಂಚೆಯೇ ನಾನು ತೊಡೆ ಬಿಗಿ ಹಿಡಿಯುತ್ತಿದ್ದೆ. ಉಸಿರನ್ನೂ ಹಿಡಿಯುತ್ತಿದ್ದೆ. ಬಿಡುವುದನ್ನು ಕಲಿಯಲು ಬೇಸಿಗೆ ಪೂರ್ತಿ ಹಿಡಿಯಿತು.

ಬಿಟ್ಟದ್ದು ಒಂದು ಸಾಧಾರಣ ಸಂಜೆ. ಕಿಟಕಿಯಾಚೆ ಮೇಲ್ದಾರಿಯಲ್ಲಿ ಮೆಟ್ರೋ ಹೋಯಿತು. ಜನ ತುಂಬಿತ್ತು. ಇವರೆಲ್ಲ ಈಗ ಮನೆಗೆ ಹೋಗಿ ಏನು ಅಡುಗೆ ಮಾಡುತ್ತಾರೋ, ನಾನು ಕಾಳು ನೆನೆಹಾಕಿದ್ದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ರೈಲು ಕಣ್ಮರೆಯಾದಮೇಲೆ ಗೊತ್ತಾಯಿತು, ಇಷ್ಟು ಹೊತ್ತೂ ಬಾರಿಸುತ್ತಲೇ ಇದ್ದೆ. ಬಲಗೈ ಅದರ ಪಾಡಿಗೆ, ಎಡಗೈ ಅದರ ಪಾಡಿಗೆ, ಕೆಳಗೆ ಕಾಲು ನನ್ನನ್ನು ಏನೂ ಕೇಳದೆ ದುಂ, ದುಂದುಂ ಎನ್ನುತ್ತಿತ್ತು. ಹೆದರಿಕೆಯಿಂದ ಉಸಿರಾಡಲಿಲ್ಲ. ಆಮೇಲೆ ಉಸಿರಾಡಿದೆ, ಆದರೂ ನಿಲ್ಲಲಿಲ್ಲ. ಮೇಷ್ಟ್ರ ಕಡೆ ತಿರುಗಿದೆ. ಅವರು ಕುರ್ಚಿಯಲ್ಲಿ ಒರಗಿದ್ದರು, ಕಣ್ಣು ಮುಚ್ಚಿದ್ದರು. ನಿದ್ದೆಯೋ ಏನೋ, ಕೇಳಲು ಹೋಗಲಿಲ್ಲ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಿದರೆ "ಓ, ಒಳ್ಳೇದಾಯ್ತು" ಅನ್ನುತ್ತಾರೆ, ಪೇಪರ್ ತಿರುವುತ್ತಾರೆ. ಇದು ಎಂಥದ್ದು ಎಂದು ಗೊತ್ತಾಗುವವಳು ಆ ಮನೆಯಲ್ಲಿ ಒಬ್ಬಳೇ. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಅವಳು ಕೇಕಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಹೋಗಿ ನಿಂತೆ. "ಇವತ್ತು ಸ್ಕೂಟರಲ್ಲಿ ಬಿಡ್ತೀಯಾ? ಸ್ವಲ್ಪ ಹೊತ್ತು ಕೂತಿದ್ದು ಹೋಗು."

ಅವಳು ಕೈ ತೊಳೆದುಕೊಂಡು ಬಂದಳು.

ಬಾರಿಸಿದೆ. ನನ್ನ ಸ್ಪೀಡಿನಲ್ಲಿ, ಒಂದು ಸಲವೂ ನಿಲ್ಲಿಸದೆ, ಶುರುವಿನಿಂದ ಕೊನೆಯವರೆಗೆ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಮುಗಿದಾಗ ಎದ್ದು ಬಂದು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. "ಅಕ್ಕ! ಬಂದ್ಬಿಡ್ತಲ್ಲ! ಸಕ್ಕತ್ತಾಗಿದೆ ಕಣಕ್ಕ!" ನನ್ನ ಮುಖ ತಾನಾಗಿ ಅರಳಿತು. ಅಷ್ಟರಲ್ಲಿ ಅವಳು ಕತ್ತು ಒಂದಿಷ್ಟು ವಾರೆ ಮಾಡಿ ಸೇರಿಸಿದಳು, "ಆದ್ರೆ ಆ ದುಂದುಂನಲ್ಲಿ ಎರಡನೇದು ಒಂಚೂರು ಲೇಟಾಗಿ ಬೀಳ್ತಿದೆ. ಅಲ್ವಾ ಸಾರ್?"

ಮೇಷ್ಟ್ರು ನಕ್ಕು ಹೌದೆಂದು ತಲೆಯಾಡಿಸಿದರು.

ಹೊಟ್ಟೆಯೊಳಗೆ ಆ ಹಳೆಯ ಬೆಂಕಿ ಬುಗ್ಗೆಂದಿತು. ಅವಳ ಕಿವಿಯೂ ಹೀಗೇ ಇದೆ, ಕಾಲಿನ ಹಾಗೆಯೇ. "ಕೂತ್ಕೋ," ಅಂದೆ. "ಇನ್ನೊಂದ್ಸಲ ಕೇಳು."

ಕೇಳಿದಳು. "ಇನ್ನೂ ಲೇಟು ಅಕ್ಕ."

ಮತ್ತೆ ಬಾರಿಸಿದೆ. "ಈಗ ಬೇಗ ಆಯ್ತು," ಅಂದಳು. ಹಲ್ಲು ಕಚ್ಚಿದೆ, ತೊಡೆ ಬಿಗಿಯುತ್ತಿದ್ದುದು ಗೊತ್ತಾಗಿ ಬಿಟ್ಟೆ, ಮತ್ತೆ ಬಾರಿಸಿದೆ. ಹೀಗೇ ಎಷ್ಟು ಸಲವೋ. ಕೆಳಗೆ ಅಂಗಡಿಯ ಶಟರ್ ಅರ್ಧ ಎಳೆದ ಸದ್ದು ಕೇಳಿಸಿತು. ಕೊನೆಗೊಮ್ಮೆ ನಾನು ಮುಗಿಸಿದಾಗ ಅವಳು ಏನೂ ಹೇಳಲಿಲ್ಲ. ಕಾದೆ. ಅವಳು ಎದ್ದು ದುಪಟ್ಟಾ ಸರಿಮಾಡಿಕೊಂಡಳು.

"ಈಗ?" ಎಂದು ನಾನೇ ಕೇಳಿದೆ.

"ಈಗ ತಪ್ಪೇನಿದೆ ಹೇಳೋಕೆ," ಅಂದಳು. "ನಡೀರಿ ಅಕ್ಕ, ಮಕ್ಕಳಿಗೆ ಹಸಿವಾಗಿರುತ್ತೆ."